ಊರಿನ ಮನೆಗೆ ಕ್ಯಾಮೆರಾ ಕಳಿಸುವ ಮಕ್ಕಳಿಗೆ

ನಮ್ಮ ಹಾವೇರಿ ಜಿಲ್ಲೆಯ ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ತಾಲ್ಲೂಕಿನ ಮನೆಗಳಿಂದ ಹೊರಟು ಬೆಂಗಳೂರು, ಪುಣೆ, ಗೋವಾ, ಹುಬ್ಬಳ್ಳಿಗಳಲ್ಲಿ ದುಡಿಯುತ್ತಿರುವ ಎಲ್ಲ ಅಕ್ಕತಂಗಿಯರೇ, ಅಣ್ಣತಮ್ಮಂದಿರೇ,

ದಸರೆ, ದೀಪಾವಳಿ ಹತ್ತಿರ ಬಂದು ಆನ್‌ಲೈನ್ ಅಂಗಡಿಗಳು ದರ ಇಳಿಸಿದಾಗ ನಿಮ್ಮಲ್ಲಿ ಅನೇಕರು ಎರಡು ಸಾವಿರದಿಂದ ಐದು ಸಾವಿರ ರೂಪಾಯಿಯೊಳಗಿನ ವೈರ್‌ಲೆಸ್ ಕ್ಯಾಮೆರಾ ಒಂದನ್ನು ಕೊಂಡು, ವಿಳಾಸದ ಜಾಗದಲ್ಲಿ ಊರಿನ ಮನೆಯನ್ನು ಬರೆಯುತ್ತೀರಿ. ಡಬ್ಬಿ ಅಪ್ಪನ ಕೈಗೆ ಬರುತ್ತದೆ. ಮೊಬೈಲ್ ಅಂಗಡಿಯ ಹುಡುಗ ಬಂದು ಗೋಡೆಗೆ ತೂತು ಕೊರೆದು ಅದನ್ನು ಕೂಡಿಸಿ, ನಿಮಗೆ ಫೋನ್ ಮಾಡಿ ಚಿತ್ರ ಕಾಣುತ್ತದೆಯೇ ಎಂದು ಕೇಳಿ, ಕಾಣುತ್ತದೆ ಎಂದ ಕೂಡಲೇ ಹೊರಟುಬಿಡುತ್ತಾನೆ. ಅಲ್ಲಿಗೆ ಎಲ್ಲರ ಪಾಲಿಗೂ ಕೆಲಸ ಮುಗಿಯಿತು. ನಿಜವಾದ ಕೆಲಸ ಶುರುವಾಗಬೇಕಾದದ್ದು ಅಲ್ಲಿಂದ ಎಂದು ಹೇಳಲು ಈ ಪತ್ರ.

ನಿಮ್ಮ ಅಂಜಿಕೆ ಸುಳ್ಳಲ್ಲ. ದೊಡ್ಡ ಮನೆ, ಒಳಗೆ ವಯಸ್ಸಾದ ಇಬ್ಬರೇ ಇಬ್ಬರು. ಮದುವೆಗೋ ಜಾತ್ರೆಗೋ ಹೋದರೆ ಬಾಗಿಲಿಗೆ ಬೀಗ, ಬೀಗ ನೋಡಿದವರಿಗೆ ಮನೆಯ ಸುದ್ದಿಯೆಲ್ಲ ಗೊತ್ತು. ತೋಟದ ಮನೆಯಲ್ಲಿ ಮೋಟಾರು, ತಾಮ್ರದ ಕೇಬಲ್ಲು, ಆಡು-ಕುರಿ. ಸುಗ್ಗಿಯಲ್ಲಿ ಕಣದ ಮೇಲೆ ರಾಶಿ. ಕಡಿಮೆ ಬೆಲೆಯ ಕ್ಯಾಮೆರಾ ಇಂಥ ಕಡೆ ಖಂಡಿತ ಉಪಯೋಗಕ್ಕೆ ಬರುತ್ತದೆ. ನಾಲ್ಕೂ ತಾಲ್ಲೂಕಿನಲ್ಲಿ ಬಂಧುಬಳಗದ ಮನೆಗಳಿಗೆ ಅವನ್ನು ಹಚ್ಚಿ, ಮಳೆಗಾಲದಲ್ಲೂ ಬೇಸಿಗೆಯಲ್ಲೂ ಪರೀಕ್ಷಿಸಿ ನೋಡಿದ ಮೇಲೆ ಧೈರ್ಯದಿಂದ ಈ ಮಾತು ಹೇಳುತ್ತಿದ್ದೇನೆ. ಆದರೆ ಅದು ದುಡಿಯುತ್ತದೋ ಇಲ್ಲವೋ ಎಂಬುದನ್ನು ಡಬ್ಬಿಯ ಮೇಲಿನ ಅಕ್ಷರ ತೀರ್ಮಾನಿಸುವುದಿಲ್ಲ. ಆ ಮನೆಯ ಮಳೆ, ಅಲ್ಲಿನ ಕರೆಂಟು, ಗೋಡೆಯ ದಪ್ಪ, ಎದುರು ಮನೆಯ ಬಾಗಿಲು, ಒಳಗಿರುವವರ ಮನಸ್ಸು ತೀರ್ಮಾನಿಸುತ್ತವೆ. ಆದ್ದರಿಂದ ಪರೀಕ್ಷೆ ಆ ಮನೆಯಲ್ಲೇ, ಅಲ್ಲಿ ಬಾಳುವವರ ಕೈಯಲ್ಲೇ ಆಗಬೇಕು.

ಮೊದಲು, ಕೊಳ್ಳುವಾಗಲೇ ಬಗೆಹರಿಯಬೇಕಾದ ಒಂದು ಗೊಂದಲ. ವೈರ್‌ಲೆಸ್ ಎಂದು ಮಾರುವವು ಮೂರು ಜಾತಿ. ಒಂದಕ್ಕೆ ಚಿತ್ರ ಹೋಗಲು ವೈರು ಬೇಡ, ಕರೆಂಟಿಗೆ ಬೇಕು. ಹಗಲೂ ರಾತ್ರಿ ಎಚ್ಚರವಿರುತ್ತದೆ. ಇನ್ನೊಂದು ಬ್ಯಾಟರಿಯದು, ಜೊತೆಗೆ ಅಂಗೈ ಅಗಲದ ಸೌರಫಲಕ. ಸದಾ ಎಚ್ಚರವಿದ್ದರೆ ಬ್ಯಾಟರಿ ಉಳಿಯುವುದಿಲ್ಲವಾದ್ದರಿಂದ ನಿದ್ದೆಯಲ್ಲಿದ್ದು, ಎದುರಿಗೆ ಬಿಸಿ ಮೈಯೊಂದು ಚಲಿಸಿದಾಗ ಎದ್ದು ಚಿತ್ರ ಹಿಡಿಯುತ್ತದೆ. ಮೂರನೆಯದಕ್ಕೆ ಮನೆಯಲ್ಲಿ ವೈಫೈ ಕೂಡ ಬೇಕಿಲ್ಲ, ಮೊಬೈಲ್ ಸಿಮ್ ಹಾಕಿದರೆ ಸಾಕು. ಹೊಲಕ್ಕೆ ಹೊಂದುವುದು ಇದೇ. ಊರೊಳಗಿನ ಮನೆಗೆ ಕರೆಂಟಿನದೇ ಲೇಸು ಎಂಬುದು ನನ್ನ ಖಚಿತ ಅಭಿಪ್ರಾಯ. ಬ್ಯಾಟರಿಯದು ಎದ್ದು ಕಣ್ಣುಬಿಡಲು ತೆಗೆದುಕೊಳ್ಳುವ ಆ ಒಂದೆರಡು ಸೆಕೆಂಡಿನಲ್ಲಿ ಗೇಟು ತೆರೆದವನು ಬಾಗಿಲ ಹತ್ತಿರ ಬಂದಿರುತ್ತಾನೆ, ನಿಮಗೆ ಸಿಗುವುದು ಅವನ ಬೆನ್ನು. ಹಚ್ಚುವ ಮುನ್ನ ಮನೆಯ ಹುಡುಗನೊಬ್ಬನಿಗೆ ಗೇಟಿನಿಂದ ಬಾಗಿಲವರೆಗೆ ಬಿರುಸಾಗಿ ನಡೆಯಲು ಹೇಳಿ, ಮುಖ ಸಿಕ್ಕಿತೇ ನೋಡಿ. ಬಿಸಿ ಗುರುತಿಸುವ ಸೆನ್ಸರು ಎದುರಿಗೆ ನೆಟ್ಟಗೆ ಬರುವವರಿಗಿಂತ ಅಡ್ಡ ಹಾಯುವವರನ್ನು ಬೇಗ ಹಿಡಿಯುತ್ತದೆ. ಹಾಗಾಗಿ ಅದನ್ನು ದಾರಿಯ ನೇರಕ್ಕೆ ಇಡದೆ ಓರೆಗೆ ಇಡಬೇಕು. ಬಿಸಿಲು ನಮ್ಮ ಮೈಯ ಬಿಸಿಗೆ ಸಮನಾಗುವ ಏಪ್ರಿಲ್ ಮಧ್ಯಾಹ್ನಗಳಲ್ಲಿ ಅದರ ಚುರುಕು ತಗ್ಗುತ್ತದೆ ಎಂಬುದೂ ನೆನಪಿರಲಿ. ಹಿರಿಯರು ಉಂಡು ಮಲಗುವ, ಓಣಿಯಲ್ಲಿ ಮಂದಿಯೇ ಇಲ್ಲದ ಹೊತ್ತು ಅದೇ.

ಈಗ ಮಳೆ. ಹಾನಗಲ್ಲ ತಾಲ್ಲೂಕು ಮಲೆನಾಡಿನ ಸೆರಗಿನಲ್ಲಿದೆ. ಭತ್ತ, ಮಾವು, ಅಡಿಕೆಯ ನೆಲ. ಡಬ್ಬಿಯ ಮೇಲೆ ಐಪಿ 65, ಐಪಿ 66 ಎಂದು ಬರೆದಿರುತ್ತದೆ. ಮೊದಲ ಅಂಕಿ ದೂಳಿನದು. 6 ಎಂದರೆ ದೂಳು ಒಳಗೆ ಹೋಗದು. ಎರಡನೆಯದು ನೀರಿನದು, 5 ಎಂದರೆ ಪೈಪಿನಿಂದ ನೀರು ಹಾರಿಸಿದರೂ ತಡೆದೀತು, 6 ಎಂದರೆ ಇನ್ನೂ ಜೋರಿನ ನೀರಿಗೂ ತಡೆದೀತು. ಆ ಮಾತು ಕ್ಯಾಮೆರಾದ ಮೈಗೆ ಮಾತ್ರ ಅನ್ವಯ. ಅದರ ಬಾಲದಂತೆ ಇಳಿಯುವ ವೈರಿನ ತುದಿಯ ಜೋಡಣೆಗೂ, ಅಡಾಪ್ಟರಿಗೂ ಆ ರಕ್ಷಣೆ ಇಲ್ಲ. ನಮ್ಮ ಮಳೆ ಕೊಲ್ಲುವುದು ಆ ಜೋಡಣೆಯನ್ನೇ. ಅದನ್ನು ಚಿಕ್ಕ ಪ್ಲಾಸ್ಟಿಕ್ ಡಬ್ಬಿಯೊಳಗಿಟ್ಟು ಮುಚ್ಚಿ, ಗೋಡೆಯೊಳಗೆ ಹೋಗುವ ಮುನ್ನ ವೈರನ್ನು ಕೆಳಮುಖವಾಗಿ ಒಂದು ಬಳಸು ಇಳಿಬಿಡಬೇಕು. ವೈರಿನಗುಂಟ ಹರಿದು ಬಂದ ನೀರು ಆ ಬಳಸಿನಲ್ಲೇ ತೊಟ್ಟಿಕ್ಕಿ ಹೋಗುತ್ತದೆ. ನೈಋತ್ಯದ ಮಳೆ ಪಡುವಣ ಗೋಡೆಗೆ ಅಡ್ಡಡ್ಡ ಬಡಿಯುವಂಥದ್ದು. ಸಾಧ್ಯವಿದ್ದರೆ ಆ ಗೋಡೆ ಬಿಟ್ಟು, ಹಂಚಿನ ಸೂರಿನ ಕೆಳಗೆ ಜಾಗ ಹುಡುಕಿ. ಮಸೂರದ ಮೇಲೆ ಒಂದೇ ಒಂದು ಹನಿ ಕೂತರೂ ರಾತ್ರಿಯ ಚಿತ್ರ ಹಾಳು.

ರಾತ್ರಿಯದು ಬೇರೆಯೇ ಕಥೆ. ಕತ್ತಲಲ್ಲಿ ಇವು ನಮ್ಮ ಕಣ್ಣಿಗೆ ಕಾಣದ ಅತಿಗೆಂಪು ಬೆಳಕನ್ನು ಬೀರಿ, ಮರಳಿ ಬಂದದ್ದನ್ನು ಕಪ್ಪುಬಿಳುಪಿನಲ್ಲಿ ಹಿಡಿಯುತ್ತವೆ. ಮಸೂರದ ಸುತ್ತಲೇ ಆ ದೀಪಗಳಿರುವುದರಿಂದ ಹತ್ತಿರ ಹಾರುವ ಮಳೆಹುಳ ದೊಡ್ಡ ಬೆಳ್ಳನೆಯ ಉಂಡೆಯಾಗಿ ಕಾಣುತ್ತದೆ. ಹುಳಕ್ಕೆ ಜೇಡ ಬರುತ್ತದೆ, ಬಲೆ ಕಟ್ಟುತ್ತದೆ, ಗಾಳಿಗೆ ಬಲೆ ಅಲುಗಿದಾಗಲೆಲ್ಲ ಬೆಂಗಳೂರಿನಲ್ಲಿರುವ ನಿಮ್ಮ ಫೋನು ಎಚ್ಚರಿಕೆ ಕೂಗುತ್ತದೆ. ಮೊದಲ ವಾರ ಎದ್ದು ನೋಡುತ್ತೀರಿ. ಎರಡನೆಯ ವಾರ ಸದ್ದು ಅಡಗಿಸಿ ಮಲಗುತ್ತೀರಿ. ಕಳ್ಳ ಬರುವುದು ಮೂರನೆಯ ವಾರವಾದರೆ ಕ್ಯಾಮೆರಾ ಇದ್ದೂ ಇಲ್ಲದಂತೆ. ಇದಕ್ಕೆ ಪರಿಹಾರವಿದೆ: ಸೆಟ್ಟಿಂಗಿನಲ್ಲಿ ಮನುಷ್ಯರ ಆಕಾರಕ್ಕೆ ಮಾತ್ರ ಎಚ್ಚರಿಕೆ ಎಂಬ ಆಯ್ಕೆ ಹಾಕಿ, ಕ್ಯಾಮೆರಾದಲ್ಲಿ ಬಿಳಿ ದೀಪವೂ ಇದ್ದರೆ ಅದನ್ನು ಆರಿಸಿ, ಅಂಗಳದ ಇನ್ನೊಂದು ಮೂಲೆಯಲ್ಲಿ ಬೇರೆಯೇ ಒಂದು ಸಣ್ಣ ಎಲ್ಇಡಿ ಹಚ್ಚಿ, ಹುಳ ಅಲ್ಲಿಗೆ ಹೋಗುತ್ತವೆ. ಹದಿನೈದು ದಿನಕ್ಕೊಮ್ಮೆ ಯಾರಾದರೂ ಒಣ ಬಟ್ಟೆಯಿಂದ ಬಲೆ ಒರೆಸಲೇಬೇಕು. ಎಂಬತ್ತು ವರ್ಷದ ಅಪ್ಪ ಏಣಿ ಹತ್ತಬೇಕಾಗುವ ಎತ್ತರಕ್ಕೆ ಅದನ್ನು ಹಚ್ಚಿದರೆ ಆ ಕೆಲಸ ಯಾರು ಮಾಡುತ್ತಾರೆ?

ಸೌರಫಲಕದವರಿಗೆ ಒಂದು ಮಾತು. ದಕ್ಷಿಣಕ್ಕೆ ಮುಖ ಮಾಡಿ ಚೆನ್ನಾಗಿ ವಾಲಿಸಿ ಎಂದು ಕೈಪಿಡಿಗಳು ಹೇಳುತ್ತವೆ. ನಾವಿರುವುದು ಉತ್ತರ ಅಕ್ಷಾಂಶ 15 ಡಿಗ್ರಿಯ ಆಸುಪಾಸಿನಲ್ಲಿ. ಮೇ ಆರಂಭದಿಂದ ಆಗಸ್ಟ್ ಎರಡನೆಯ ವಾರದವರೆಗೆ ನಡುಹಗಲಿನ ಸೂರ್ಯ ನಮ್ಮ ನೆತ್ತಿಯಿಂದ ತುಸು ಉತ್ತರಕ್ಕೇ ಇರುತ್ತಾನೆ. ಮೋಡ ಮುಚ್ಚಿ ಬಿಸಿಲೇ ಅಪರೂಪವಾಗುವ ತಿಂಗಳುಗಳು ಕೂಡ ಅವೇ. ಆ ದಿನಗಳಲ್ಲಿ ಕಡಿದಾಗಿ ದಕ್ಷಿಣಕ್ಕೆ ವಾಲಿದ ಫಲಕ ಇದ್ದಬದ್ದ ಬೆಳಕನ್ನೂ ಕಳೆದುಕೊಳ್ಳುತ್ತದೆ. 10-15 ಡಿಗ್ರಿ ವಾಲಿದರೆ ಸಾಕು. ನೀರು ಜಾರಿಹೋಗಲು, ದೂಳು ನಿಲ್ಲದಿರಲು ಅಷ್ಟು ಬೇಕೇಬೇಕು. ಬ್ಯಾಟರಿ ಕ್ಯಾಮೆರಾದ ಯೋಗ್ಯತೆ ಗೊತ್ತಾಗುವುದು ಹಾನಗಲ್ಲಿನ ಜುಲೈನಲ್ಲಿ. ಹೊಸದರಲ್ಲಿ, ಅಕ್ಟೋಬರಿನ ಬಿಸಿಲಿನಲ್ಲಿ ನೂರಕ್ಕೆ ನೂರು ತೋರಿಸಿತೆಂದು ನಂಬಬೇಡಿ.

ಶಿಗ್ಗಾಂವಿಯ ತೊಡಕು ಬೆಳಕಿನದು. ಶಿಗ್ಗಾಂವಿ, ಬಂಕಾಪುರಗಳ ಮಗ್ಗುಲಲ್ಲೇ ರಾಷ್ಟ್ರೀಯ ಹೆದ್ದಾರಿ 48 ಹಾದು ಹೋಗುತ್ತದೆ. ರಸ್ತೆಯ ಕಡೆ ಮುಖ ಮಾಡಿದ ಕ್ಯಾಮೆರಾಕ್ಕೆ ಲಾರಿಯ ದೀಪ ಬಿದ್ದಾಗಲೆಲ್ಲ ಚಿತ್ರ ಬೆಳ್ಳಗಾಗಿ, ಕಣ್ಣು ಹೊಂದಿಸಿಕೊಳ್ಳುವಷ್ಟರಲ್ಲಿ ಮುಂದಿನ ಲಾರಿ. ಅಲ್ಲಿ ಅದನ್ನು ರಸ್ತೆಗೆ ಬೆನ್ನು ಮಾಡಿ, ಗೇಟಿನ ಕಂಬದಿಂದ ಮನೆಯ ಕಡೆಗೆ ನೋಡುವಂತೆ ಇಟ್ಟಾಗ ಚಿತ್ರ ಶುದ್ಧವಾಯಿತು. ಬಂದವನ ಮುಖ ಒಳಬರುವಾಗ ಸಿಗದಿದ್ದರೂ ಹೊರಹೋಗುವಾಗ ಸಿಗುತ್ತದೆ.

ಮುಖದ ಮಾತು ಬಂತು. ನೀವೆಲ್ಲ ಮೋಸ ಹೋಗುವುದು ಇಲ್ಲೇ, ಆದ್ದರಿಂದ ಲೆಕ್ಕ ಹಾಕಿಯೇ ತೋರಿಸುತ್ತೇನೆ. ಎರಡು ಮೆಗಾಪಿಕ್ಸೆಲ್ ಚಿತ್ರ ಅಗಲಕ್ಕೆ 1920 ಚುಕ್ಕೆಗಳದು. ನೂರು ಡಿಗ್ರಿ ಅಗಲಕ್ಕೆ ನೋಡುವ ಮಸೂರವಾದರೆ ಐದು ಮೀಟರ್ ದೂರದಲ್ಲಿ ಅದು ಸುಮಾರು ಹನ್ನೆರಡು ಮೀಟರ್ ಅಗಲದ ನೆಲ ನೋಡುತ್ತಿರುತ್ತದೆ. ಅಂದರೆ ಒಂದೊಂದು ಮೀಟರಿನ ಪಾಲಿಗೆ 160 ಚುಕ್ಕೆ. ಗೊತ್ತಿಲ್ಲದ ಒಬ್ಬನನ್ನು ಇವನೇ ಎಂದು ಗುರುತು ಹಿಡಿಯಲು ಮೀಟರಿಗೆ 250 ಚುಕ್ಕೆ ಬೇಕು, ಪರಿಚಿತನನ್ನು ಗುರುತಿಸಲು 125 ಸಾಕು ಎಂಬುದು ಸಿಸಿಟಿವಿಯಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವ ಅಳತೆ. ಹಾಗೆ ನೋಡಿದರೆ ಅಪರಿಚಿತನ ಮುಖ ಸಿಗುವುದು ಮೂರು ಮೀಟರಿನೊಳಗೆ, ಪರಿಚಿತನದು ಆರು ಮೀಟರಿನೊಳಗೆ. ನಾಲ್ಕು ಮೆಗಾಪಿಕ್ಸೆಲ್‌ನದು ತಂದರೂ ಅಪರಿಚಿತನ ಮುಖಕ್ಕೆ ನಾಲ್ಕು ಮೀಟರಿನ ಆಸುಪಾಸಿಗೇ ನಿಲ್ಲುತ್ತದೆ. ಇದು ಹಗಲಿನ ಲೆಕ್ಕ. ಮಾಳಿಗೆಯ ಮೇಲೆ ಕೂಡಿಸಿ ಅಂಗಳ, ಓಣಿ, ಗುಡಿಯವರೆಗೂ ಕಾಣುತ್ತದೆ ಎಂದು ಸಂತೋಷಪಡುವವರಿಗೆ ಕಾಣುವುದು ಟೋಪಿ ಮತ್ತು ನೆತ್ತಿ. ಎರಡೂವರೆ-ಮೂರು ಮೀಟರ್ ಎತ್ತರದಲ್ಲಿ, ಬಂದವರು ಹಾಯಲೇಬೇಕಾದ ಬಾಗಿಲು ಅಥವಾ ಗೇಟಿನ ಹತ್ತಿರ ಇಟ್ಟ ಒಂದೇ ಒಂದು ಕ್ಯಾಮೆರಾ ಮಾಳಿಗೆಯ ಮೇಲಿನ ನಾಲ್ಕಕ್ಕಿಂತ ಮೇಲು. ರಾತ್ರಿ ಬೈಕಿನ ನಂಬರ್ ಪ್ಲೇಟ್ ಓದುತ್ತದೆಂಬ ಆಸೆಯನ್ನಂತೂ ಈ ದರದಲ್ಲಿ ಬಿಟ್ಟುಬಿಡಿ.

ವೈಫೈನ ಪರೀಕ್ಷೆ ಬೇಗ ಮುಗಿಯುತ್ತದೆ. ಅಗ್ಗದ ಕ್ಯಾಮೆರಾಗಳಲ್ಲಿ ಹೆಚ್ಚಿನವಕ್ಕೆ 2.4 ಗಿಗಾಹರ್ಟ್ಸ್ ಮಾತ್ರ ಗೊತ್ತು, 5 ಗೊತ್ತಿಲ್ಲ. ದೂರ ಹೋಗುವುದೂ ಮೊದಲನೆಯದೇ. ಆದರೆ ನಮ್ಮ ಹಳೆಯ ಮನೆಗಳ ಮಣ್ಣು-ಕಲ್ಲಿನ ಗೋಡೆ ಮೊಳಕ್ಕೂ ದಪ್ಪ. ಪಡಸಾಲೆಯಲ್ಲಿಟ್ಟ ರೂಟರಿನ ಅಲೆ ಹಿತ್ತಲ ಮುಟ್ಟುವಷ್ಟರಲ್ಲಿ ಸೋತಿರುತ್ತದೆ. ತೂತು ಕೊರೆಯುವ ಮುನ್ನ ಆ ಜಾಗದಲ್ಲೇ ಫೋನ್ ಹಿಡಿದು ನಿಂತು ಒಂದು ವಿಡಿಯೊ ಕರೆ ಮಾಡಿ ನೋಡಿದರೆ ತಿಳಿಯುತ್ತದೆ. ರೂಟರಿಗೆ ಒಂದು ಸಣ್ಣ ಯುಪಿಎಸ್ ತನ್ನಿ. ಕ್ಯಾಮೆರಾದ ಅಡಾಪ್ಟರೂ 12 ವೋಲ್ಟಿನದಾದರೆ ಎರಡನ್ನೂ ಅದಕ್ಕೇ ಕೂಡಿಸಬಹುದು. ಮಳೆಗಾಲದ ಗಾಳಿಗೆ ಕರೆಂಟು ಹೋಗುವ ರಾತ್ರಿಯೇ ಕ್ಯಾಮೆರಾ ಬೇಕಾಗುವ ರಾತ್ರಿ.

ಹಿರೇಕೆರೂರು ಸೀಮೆಯ ಗೋವಿನಜೋಳ, ಹತ್ತಿಯ ಹೊಲಗಳಿಗೆ ಹೋಗೋಣ. ಹೊಲದ ಲೈನಿಗೆ ತ್ರೀಫೇಸ್ ಕೊಡುವುದು ಸರ್ಕಾರದ ಲೆಕ್ಕದಲ್ಲಿ ದಿನಕ್ಕೆ 7 ತಾಸು, ಅದೂ ಪಾಳಿಯ ಮೇಲೆ. ಹಾಗಾಗಿ ಅಲ್ಲಿ ಸಿಮ್ಮಿನ ಸೌರ ಕ್ಯಾಮೆರಾ ಬಿಟ್ಟು ಬೇರೆ ದಾರಿ ಇಲ್ಲ. ಸಿಮ್ ಕೊಳ್ಳುವ ಮುನ್ನ ಹೊಲದಲ್ಲಿ ಯಾವ ಕಂಪನಿಯ ಸಿಗ್ನಲ್ ನಿಲ್ಲುತ್ತದೆ ಎಂದು ಅಲ್ಲಿ ದಿನವೂ ಕೆಲಸ ಮಾಡುವವರನ್ನು ಕೇಳಿ. ಊರೊಳಗೆ ಬರುವುದು ಕಣದಲ್ಲಿ ಬರಬೇಕೆಂದಿಲ್ಲ. ಚಿತ್ರ ಸೆಕೆಂಡಿಗೆ ಒಂದು ಮೆಗಾಬಿಟ್‌ನಂತೆ ಹರಿದರೂ ತಾಸಿಗೆ 450 ಎಂಬಿ, ದಿನಕ್ಕೆ ಸುಮಾರು 10.8 ಜಿಬಿ. ದಿನಕ್ಕೆ ಎರಡು ಜಿಬಿಯ ಪ್ಯಾಕು ಹಾಕಿಸಿ, ಬೆಂಗಳೂರಿನಲ್ಲಿ ಕೂತು ಹೊಲ ನೋಡುತ್ತಿದ್ದರೆ ನಾಲ್ಕೂವರೆ ತಾಸಿಗೆ ಮುಗಿಯಿತು, ರಾತ್ರಿಗೆ ಏನೂ ಉಳಿಯಲಿಲ್ಲ. ಚಿತ್ರ ಮೆಮೊರಿ ಕಾರ್ಡಿನಲ್ಲೇ ದಾಖಲಾಗಲಿ, ಎಚ್ಚರಿಕೆ ಮಾತ್ರ ಫೋನಿಗೆ ಬರಲಿ. ಇದೇ ಲೆಕ್ಕದಲ್ಲಿ, ಎಡೆಬಿಡದೆ ದಾಖಲಿಸುವ ಮನೆಯ ಕ್ಯಾಮೆರಾದ 64 ಜಿಬಿ ಕಾರ್ಡು ಐದಾರು ದಿನಕ್ಕೆ ತುಂಬಿ ಹಳೆಯದನ್ನು ಅಳಿಸತೊಡಗುತ್ತದೆ. ಜಾತ್ರೆಗೆ ಹೋಗಿ ಎಂಟು ದಿನಕ್ಕೆ ಮರಳಿದವರಿಗೆ ಮೊದಲ ದಿನದ ಚಿತ್ರ ಸಿಗುವುದಿಲ್ಲ. 128 ಜಿಬಿಯದು, ಅದೂ ಕ್ಯಾಮೆರಾಕ್ಕೆಂದೇ ಮಾಡಿದ ಹೆಚ್ಚು ಬಾಳಿಕೆಯ ಕಾರ್ಡು ಹಾಕಿ. ಫೋನಿನಿಂದ ತೆಗೆದ ಹಳೆಯ ಕಾರ್ಡು ಸದಾ ಬರೆದು ಅಳಿಸುವ ಈ ಕೆಲಸವನ್ನು ಬಹಳ ದಿನ ತಾಳುವುದಿಲ್ಲ.

ಇಲ್ಲಿಯವರೆಗೆ ಹೇಳಿದ್ದೆಲ್ಲ ತಿದ್ದಿಕೊಳ್ಳಬಹುದಾದ ತೊಂದರೆಗಳು. ಸವಣೂರು ನನಗೆ ಬೇರೊಂದನ್ನು ಕಲಿಸಿತು.

ಸವಣೂರು ನವಾಬರ ಕಾಲದ ಊರು. ಹಳೆಯ ಪೇಟೆಯ ಓಣಿಗಳಲ್ಲಿ ಒಬ್ಬರ ಗೋಡೆಯೇ ಇನ್ನೊಬ್ಬರ ಗೋಡೆ, ಒಬ್ಬರ ಬಾಗಿಲಿಗೆ ಇನ್ನೊಬ್ಬರ ಬಾಗಿಲು ಎದುರು. ಹೆಣ್ಣುಮಕ್ಕಳು ಕಟ್ಟೆಯ ಮೇಲೆ ಕೂತು ಜೋಳ ಹಸನು ಮಾಡುತ್ತಾರೆ, ಸೊಸೆಯ ದುಃಖ ಹೇಳಿಕೊಳ್ಳುತ್ತಾರೆ, ಮಗುವಿಗೆ ಹಾಲೂಡುತ್ತಾರೆ. ಅಂಥ ಓಣಿಯಲ್ಲಿ ಬಂಧುವೊಬ್ಬರ ಮನೆಗೆ ಕ್ಯಾಮೆರಾ ಕೂಡಿಸುತ್ತಿದ್ದಾಗ ಎದುರು ಮನೆಯ ಅಜ್ಜಿ ಬಂದು ಕೇಳಿದರು: “ಇದು ಯಾರನ್ನ ನೋಡಾಕ ಹಚ್ಚಾಕತ್ತೀರಿ? ಕಳ್ಳರನ್ನೋ, ನಮ್ಮನ್ನೋ?” ಅಷ್ಟೇ ಕೇಳಿ ಉತ್ತರಕ್ಕೆ ಕಾದು ನಿಂತರು. ಅವರ ಕೈಗೆ ಫೋನು ಕೊಟ್ಟು ಚಿತ್ರ ತೋರಿಸಿದೆ. ಅವರ ಬಾಗಿಲು, ಒಳಗಿನ ಪಡಸಾಲೆಯ ಅರ್ಧ, ಒಣಹಾಕಿದ ಬಟ್ಟೆ ಎಲ್ಲ ಅದರಲ್ಲಿತ್ತು. ಕ್ಯಾಮೆರಾವನ್ನು ಕೆಳಕ್ಕೆ ಬಾಗಿಸಿ, ಉಳಿದ ತುಣುಕಿನ ಮೇಲೆ ಸೆಟ್ಟಿಂಗಿನಲ್ಲಿ ಕರಿ ಪರದೆ ಎಳೆದು, ಅವರು ಹೂಂ ಎಂದ ಮೇಲೆಯೇ ಮೊಳೆ ಬಿಗಿದದ್ದು. ಕರಿ ಪರದೆಯ ಈ ಸೌಲಭ್ಯ ಅಗ್ಗದ ಕ್ಯಾಮೆರಾಗಳಲ್ಲೂ ಸಾಕಷ್ಟು ಕಡೆ ಇದೆ. ಇದೆಯೇ ಎಂದು ಕೊಳ್ಳುವ ಮುನ್ನ ನೋಡಿ.

ಇಂಥ ಕ್ಯಾಮೆರಾಗಳು ಮಾತನ್ನೂ ಹಿಡಿಯುತ್ತವೆ. ಮೈಕು ಡಬ್ಬಿ ಬಿಚ್ಚಿದಾಗಲೇ ಚಾಲೂ ಇರುವುದು ರೂಢಿ. ಕಟ್ಟೆಯ ಮೇಲಿನ ಮಾತು, ಓಣಿಯ ಜಗಳ, ಅಪ್ಪ ತನ್ನ ಗೆಳೆಯನ ಹತ್ತಿರ ಹೇಳಿಕೊಂಡ ಸಾಲದ ವಿಷಯ ಎಲ್ಲವೂ ನಿಮ್ಮ ಕಿಸೆಗೆ ಬರುತ್ತದೆ. ನಿಮಗೆ ಅದು ಬೇಕೆ? ನನ್ನ ಒತ್ತಾಯವಿಷ್ಟು: ಮೈಕು ಆರಿಸಿಡಿ. ಹಿತ್ತಲಿನ ಕಡೆಯೂ ಅಷ್ಟೇ. ನಮ್ಮಲ್ಲಿ ಅನೇಕ ಮನೆಗಳ ಬಚ್ಚಲು, ಶೌಚಾಲಯ ಹಿತ್ತಲಲ್ಲೇ ಇರುವುದು. ಮಹಿಳೆ ಏಕಾಂತದಲ್ಲಿರುವಾಗ ನೋಡುವುದು, ಚಿತ್ರ ತೆಗೆಯುವುದು ಭಾರತೀಯ ನ್ಯಾಯ ಸಂಹಿತೆಯ 77ನೇ ಕಲಮಿನಡಿ ಅಪರಾಧ. ಕಾನೂನು ಇರಲಿ ಬಿಡಲಿ, ಬಚ್ಚಲಿಗೆ ಹೋಗುವ ಅವ್ವನ ಕಡೆಗೆ ಮುಖ ಮಾಡಿದ ಕಣ್ಣೊಂದನ್ನು ಗೋಡೆಗೆ ಬಡಿಯುವುದು ಸಲ್ಲದು.

ನಮ್ಮ ಹಾವೇರಿ ಜಿಲ್ಲೆ ಹುಟ್ಟಿದ್ದು 1997ರ ಆಗಸ್ಟ್ 24ರಂದು. ಸರಿಯಾಗಿ ಇಪ್ಪತ್ತು ವರ್ಷಗಳ ನಂತರ, 2017ರ ಅದೇ ಆಗಸ್ಟ್ 24ರಂದು, ಖಾಸಗಿತನ ಸಂವಿಧಾನ ಕೊಟ್ಟ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಹೇಳಿತು. ಆ ಅರ್ಜಿ ಹಾಕಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಒಂದೇ ಮನೆಯ ಅಣ್ಣತಮ್ಮಂದಿರ ಜಗಳದಲ್ಲಿ, ಮನೆಯ ವಾಸದ ಭಾಗದಲ್ಲಿ ಜೊತೆಗಿರುವವರ ಒಪ್ಪಿಗೆಯಿಲ್ಲದೆ ಸಿಸಿಟಿವಿ ನಡೆಸಬಾರದೆಂದು 2025ರ ಫೆಬ್ರುವರಿಯಲ್ಲಿ ಕಲ್ಕತ್ತಾ ಹೈಕೋರ್ಟ್ ತೀರ್ಪು ಕೊಟ್ಟಿತು. ಅದೇ ವರ್ಷದ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಅದನ್ನು ಬದಲಿಸಲು ಒಪ್ಪಲಿಲ್ಲ. ಆಸ್ತಿ ಪಾಲಾಗದೆ ಎರಡು ಮೂರು ಒಲೆ ಉರಿಯುವ ಮನೆಗಳು ನಮ್ಮಲ್ಲಿ ಎಷ್ಟಿಲ್ಲ? ಚಿಕ್ಕಪ್ಪನ ಬಾಗಿಲ ಕಡೆಗೆ ತಿರುಗಿಸಿದ ಕ್ಯಾಮೆರಾ ಕಳ್ಳನನ್ನು ಹಿಡಿಯುವ ಮೊದಲೇ ಮನೆ ಒಡೆಯುತ್ತದೆ.

ಇದಕ್ಕಿಂತ ನೋವಿನ ಸಂಗತಿಯೊಂದಿದೆ. ಕ್ಯಾಮೆರಾ ಹಚ್ಚಿದ ಮೇಲೆ ಓಣಿಯಲ್ಲಿ ಹಾಯ್ದ ಅಪರಿಚಿತರೆಲ್ಲ ನಿಮ್ಮ ಫೋನಿಗೆ ಬರುತ್ತಾರೆ. ಬುಡಬುಡಿಕೆಯವರು, ಬಟ್ಟೆಗೆ ಪಾತ್ರೆ ಕೊಡುವವರು, ಕುರಿ ಹಿಂಡಿನ ಹಿಂದೆ ಊರೂರು ಸುತ್ತುವವರು, ಕೂದಲು ಕೊಳ್ಳುವ ಹೆಂಗಸರು. ತಲೆಮಾರುಗಳಿಂದ ನಮ್ಮ ಅಂಗಳಕ್ಕೆ ಬಂದು ನೀರು ಕೇಳಿ ಕುಡಿದು ಹೋದವರು ಇವರು. ದೂರದಲ್ಲಿರುವ ನಿಮಗೆ ಅವರ ಗುರುತಿಲ್ಲ. ಒಂದು ತುಣುಕು ಕತ್ತರಿಸಿ, “ಹುಷಾರ್, ಇಂಥವರು ತಿರುಗಾಡ್ತಿದಾರೆ” ಎಂದು ಊರಿನ ವಾಟ್ಸ್ಆ್ಯಪ್ ಗುಂಪಿಗೆ ಹಾಕುತ್ತೀರಿ. ಸಂಜೆಯೊಳಗೆ ಅದು ಪಕ್ಕದ ತಾಲ್ಲೂಕು ತಲುಪುತ್ತದೆ. 2018ರ ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ರಾಜಸ್ಥಾನದ ಒಬ್ಬ ಕೂಲಿಯವನನ್ನು, ಜುಲೈಯಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಹೈದರಾಬಾದಿನಿಂದ ಬಂದ ಒಬ್ಬ ತರುಣ ಎಂಜಿನಿಯರನನ್ನು ಮಕ್ಕಳ ಕಳ್ಳರೆಂದು ಜನ ಹೊಡೆದು ಕೊಂದದ್ದು ಇಂಥ ಮೊಬೈಲ್ ಗಾಳಿಮಾತಿನಿಂದಲೇ.  ನಿಜವಾದ ಅನುಮಾನವಿದ್ದರೆ 112ಕ್ಕೆ ಕರೆ ಮಾಡಿ, ಇಲ್ಲವೇ ಅಪ್ಪನಿಂದ ಠಾಣೆಗೆ ಹೇಳಿಸಿ. ತುಣುಕು ಪೊಲೀಸರ ಕೈಗೆ ಮಾತ್ರ ಹೋಗಲಿ. ಕೈಮುಗಿದು ಕೇಳುತ್ತೇನೆ, ಗುಂಪಿಗೆ ಹಾಕಬೇಡಿ.

ಕಳವು ಆದದ್ದೇ ಆದರೆ ಆ ತುಣುಕಿಗೆ ಬೆಲೆ ಬರುವುದು ಸರಿಯಾಗಿ ಕಾಪಾಡಿದಾಗ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನಂತೆ ಇಂಥ ಡಿಜಿಟಲ್ ದಾಖಲೆಯ ಪ್ರತಿಯೊಂದಿಗೆ ಪ್ರಮಾಣಪತ್ರವಿರಬೇಕು, ಅದರಲ್ಲಿ ಕಡತ ಬದಲಾಗಿಲ್ಲ ಎಂದು ತೋರಿಸುವ ಹ್ಯಾಶ್ ಮೌಲ್ಯ ಬರೆದಿರಬೇಕು. ಈ ಕೆಲಸ ತನಿಖೆ ಮಾಡುವವರಿಗೆ ಗೊತ್ತು. ನಿಮ್ಮ ಕೆಲಸವಿಷ್ಟೇ: ಕಾರ್ಡು ಮರುದಾಖಲಾಗಿ ಅಳಿಯುವ ಮುನ್ನ ಕ್ಯಾಮೆರಾ ನಿಲ್ಲಿಸಿ ಕಾರ್ಡನ್ನು ಹೊರತೆಗೆಯುವುದು, ಕತ್ತರಿಸದೆ, ಹಾಡು ಬಾಣ ಸೇರಿಸದೆ ಇದ್ದದ್ದು ಇದ್ದ ಹಾಗೆ ಕೊಡುವುದು. ಚಿತ್ರದ ಮೂಲೆಯಲ್ಲಿ ತೋರಿಸುವ ಗಂಟೆ ಸರಿಯಿದೆಯೇ ಎಂದು ತಿಂಗಳಿಗೊಮ್ಮೆ ನೋಡಿ. ಕರೆಂಟು ಹೋಗಿ ಬಂದಾಗ, ನೆಟ್ ಸಿಗದಿದ್ದರೆ ಕೆಲವು ಕ್ಯಾಮೆರಾಗಳ ಗಡಿಯಾರ ಎಲ್ಲಿಗೋ ಹೋಗಿರುತ್ತದೆ.

ಬೀಗದ ಮಾತನ್ನು ಕೊನೆಗೆ ಇಟ್ಟುಕೊಂಡೆ. ನಿಮ್ಮ ಮನೆ ನೋಡುವ ಕಣ್ಣಿಗೂ ಬೀಗ ಬೇಕು. 2016ರಲ್ಲಿ ಮಿರಾಯ್ ಎಂಬ ದುಷ್ಟ ತಂತ್ರಾಂಶ ಜಗತ್ತಿನಾದ್ಯಂತ ಲಕ್ಷಾಂತರ ಕ್ಯಾಮೆರಾ, ರೆಕಾರ್ಡರು, ರೂಟರುಗಳೊಳಗೆ ನುಗ್ಗಿದ್ದು ಕಾರ್ಖಾನೆಯಲ್ಲೇ ಹಾಕಿದ, ಯಾರೂ ಬದಲಿಸದೆ ಬಿಟ್ಟ ಪಾಸ್‌ವರ್ಡಿನಿಂದ. ಆ ವರ್ಷದ ಅಕ್ಟೋಬರ್ 21ರಂದು, ಹಾಗೆ ವಶವಾದ ಸಾಧನಗಳ ದಾಳಿಗೆ ಅಮೆರಿಕದಲ್ಲಿ ದೊಡ್ಡ ದೊಡ್ಡ ಜಾಲತಾಣಗಳೇ ನಿಂತುಹೋದವು. ಅಷ್ಟು ದೂರ ಬೇಡ. 2025ರ ಫೆಬ್ರುವರಿಯಲ್ಲಿ ಗುಜರಾತಿನ ರಾಜ್‌ಕೋಟದ ಹೆರಿಗೆ ಆಸ್ಪತ್ರೆಯೊಂದರ ತಪಾಸಣೆ ಕೋಣೆಯ ಸಿಸಿಟಿವಿ ದೃಶ್ಯಗಳು ಟೆಲಿಗ್ರಾಮಿನಲ್ಲಿ ಮಾರಾಟಕ್ಕಿದ್ದವು ಎಂಬುದು ಬಯಲಾಯಿತು. ದೇಶದಲ್ಲಿ ಮಾರುವ ಸಿಸಿಟಿವಿ ಕ್ಯಾಮೆರಾಗಳು ಭದ್ರತೆಯ ಪರೀಕ್ಷೆಯಲ್ಲಿ ಪಾಸಾಗಿರಬೇಕೆಂಬ ಕೇಂದ್ರ ಎಲೆಕ್ಟ್ರಾನಿಕ್ಸ್ ಮತ್ತು ಮಾಹಿತಿ ತಂತ್ರಜ್ಞಾನ ಸಚಿವಾಲಯದ ನಿಯಮ 2025ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. ಡಬ್ಬಿಯ ಮೇಲೆ ಬಿಐಎಸ್ ನೋಂದಣಿ ಸಂಖ್ಯೆ ಹುಡುಕಿ. ತಯಾರಕರ ಹೆಸರೇ ಇಲ್ಲದ, ಸಂತೆಯ ದರದ ಮಾಲು ಬೇಡ. ಪಾಸ್‌ವರ್ಡ್ ಬದಲಿಸಿ, ಎರಡು ಹಂತದ ಪರಿಶೀಲನೆ ಹಾಕಿ, ಕ್ಯಾಮೆರಾದ ಮೈಮೇಲಿನ ಕ್ಯೂಆರ್ ಚೀಟಿಯ ಫೋಟೊವನ್ನು ಯಾರಿಗೂ ಕಳಿಸಬೇಡಿ. ಕೂಡಿಸಿಕೊಟ್ಟ ಅಂಗಡಿಯ ಹುಡುಗನ ಫೋನಿನಲ್ಲಿ ನಿಮ್ಮ ಮನೆಯ ಖಾತೆ ಉಳಿದಿದೆಯೇ ಎಂದು ಅವನೆದುರೇ ನೋಡಿ ತೆಗೆಸಿ. ಅವನ ಮೇಲೆ ಸಂಶಯ ಬೇಕಿಲ್ಲ. ಮನೆಯ ಕೀಲಿ ಯಾರ ಹತ್ತಿರವೂ ಸುಮ್ಮನೆ ಬಿಡಬಾರದು, ಅಷ್ಟೇ.

ಆ ಖಾತೆ ಯಾರ ಹೆಸರಿನಲ್ಲಿರಬೇಕು? ನಾನು ನೋಡಿದ ಮನೆಗಳಲ್ಲೆಲ್ಲ ಅದು ದೂರದ ಮಗನ ಹೆಸರಿನಲ್ಲಿತ್ತು. ಅಪ್ಪ ಅವ್ವ ಕ್ಯಾಮೆರಾದ ಎದುರು ಓಡಾಡುವವರು, ನೋಡುವವರು ಮಾತ್ರ ನೀವು. ಗೇಟಿನ ಹತ್ತಿರ ರಾತ್ರಿ ಸದ್ದಾದರೆ ಅವ್ವ ನಿಮಗೆ ಫೋನು ಮಾಡಿ ಹೊರಗೆ ಯಾರಿದ್ದಾರೆ ನೋಡು ಎಂದು ಕೇಳಬೇಕು, ನೀವು ಮೀಟಿಂಗಿನಲ್ಲೋ ನಿದ್ದೆಯಲ್ಲೋ ಇರುತ್ತೀರಿ. ಇದನ್ನು ತಿರುಗಿಸಿ. ಖಾತೆಯ ಯಜಮಾನಿ ಅವ್ವ ಆಗಲಿ. ನೀವು ಅವಳು ಸೇರಿಸಿಕೊಂಡ ಸದಸ್ಯರಾಗಿ. ಚಿತ್ರ ತೆರೆಯುವ ಗುರುತು ಅವಳ ಫೋನಿನ ಮೊದಲ ಪುಟದಲ್ಲೇ ಇರಲಿ, ಎಚ್ಚರಿಕೆ ರಾತ್ರಿ ಹತ್ತರಿಂದ ಬೆಳಗಿನ ಐದರವರೆಗೆ ಮಾತ್ರ ಬರಲಿ. ಇಂಗ್ಲಿಷಿನ ಆ್ಯಪು ಅವಳಿಗೆ ಬಾರದು ಎನ್ನುವಿರಿ. ಫೋನ್‌ಪೇಯಲ್ಲಿ ಹಾಲಿನ ದುಡ್ಡು ಎಣಿಸಿಕೊಳ್ಳುವವಳು ಎರಡು ಗುರುತು ಒತ್ತಲು ಕಲಿಯಳೇ? ಒಂದು ಮಧ್ಯಾಹ್ನ ಪಕ್ಕದಲ್ಲಿ ಕೂತು ಕಲಿಸಬೇಕು. ಫೋನಿನಲ್ಲಿ ಹೇಳಿದರೆ ಆಗುವುದಿಲ್ಲ.

ಹಾಗಾಗಿ ಕ್ಯಾಮೆರಾವನ್ನು ಪಾರ್ಸೆಲ್ ಮಾಡಿಸಬೇಡಿ, ರಜೆಗೆ ಬರುವಾಗ ಕೈಯಲ್ಲೇ ತನ್ನಿ. ಆನ್‌ಲೈನ್‌ನಲ್ಲಿ ಕೊಂಡದ್ದನ್ನು ವಾಪಸು ಕೊಡುವ ಗಡುವು ಹೆಚ್ಚಿನ ಕಡೆ ಒಂದೇ ವಾರದ್ದು. ಹೊರಡುವ ಹಿಂದಿನ ದಿನ ಕೈಸೇರುವಂತೆ ಕೊಂಡರೆ ಊರಿನ ಪರೀಕ್ಷೆಗೆ ಆ ವಾರ ಪೂರ್ತಿ ಸಿಗುತ್ತದೆ. ಮೊದಲ ಎರಡು ಮೂರು ರಾತ್ರಿ ಗೋಡೆ ಕೊರೆಯದೆ, ಕಿಟಕಿಯ ಸರಳಿಗೆ ತಂತಿಯಿಂದ ಕಟ್ಟಿ ನೋಡಿ. ಬಕೆಟ್ಟಿನಿಂದ ನೀರು ಚೆಲ್ಲಿ ನೋಡಿ, ಮೇನ್ ಸ್ವಿಚ್ ತೆಗೆದು ನೋಡಿ, ಕತ್ತಲಲ್ಲಿ ಕಂಬಳಿ ಹೊದ್ದು ನೀವೇ ಗೇಟು ಹಾಯ್ದು ನೋಡಿ. ಎದುರು ಮನೆಯವರನ್ನು ಕರೆದು ಚಿತ್ರ ತೋರಿಸಿ. ಎಲ್ಲ ಸರಿಬಂದ ಮೇಲೆ ಮೊಳೆ ಹೊಡೆಯಿರಿ. ಇನ್ನು, ಮರಳಿ ಹೋಗುವ ದಿನ, ಬಸ್ಸಿನ ಹೊತ್ತಿಗೆ ಮುಂಚೆ, ಅವ್ವ ತಾನೇ ಫೋನು ಹಿಡಿದು ಅದನ್ನು ಒಮ್ಮೆ ಆರಿಸಿ ಮತ್ತೆ ಚಾಲೂ ಮಾಡಲಿ. ಅವಳಿಗೆ ಬೇಡವೆನಿಸಿದ ದಿನ ಆರಿಸಿಟ್ಟರೆ ಯಾಕೆಂದು ಕೇಳಬೇಡಿ.

ನಿಮ್ಮ ಸೀಮೆಯವನೇ ಆದ,
ಒಬ್ಬ ಹಾವೇರಿ ಜಿಲ್ಲೆಯವ